ಏಜೆನ್ಸಿ ನಡೆಸುವವರು ಲಿಂಕ್ಡ್‌ಇನ್‌ನಲ್ಲಿ ಹೆಸರು ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಏಜೆನ್ಸಿ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಡಿಜಿಟಲ್ ಮಾರ್ಕೆಟಿಂಗ್, ಡಿಸೈನ್, ಪಿಆರ್, ವೆಬ್‌ಸೈಟ್, ಯಾವುದಾದರೂ ಸರಿ. ಐದಾರು ಜನರ ತಂಡ, ಬಾಡಿಗೆ ಆಫೀಸು, ಹೊಸ ಕ್ಲೈಂಟ್ ತರುವ ಹೊಣೆ ಪೂರ್ತಿ ನಿಮ್ಮ ತಲೆ ಮೇಲೆ. ಹೀಗಿದ್ದರೆ ಕೆಳಗಿನ ಪ್ರಶ್ನೆಗಳಲ್ಲಿ ಒಂದೆರಡಾದರೂ ನಿಮಗೂ ಬಂದಿರುತ್ತವೆ. ನಾನೂ ಬೆಂಗಳೂರಿನಲ್ಲಿ ಇಂಥದೇ ಒಂದು ಏಜೆನ್ಸಿ ನಡೆಸುತ್ತೇನೆ. ಇದೇ ಕೆಲಸದಲ್ಲಿರುವ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳೇ ಇವೆಲ್ಲ.

ನನಗೆ ಕೆಲಸ ಬರುವುದೆಲ್ಲ ಪರಿಚಯದವರಿಂದಲೇ. ಲಿಂಕ್ಡ್‌ಇನ್ ಯಾಕೆ ಬೇಕು?

ಪರಿಚಯದಿಂದ ಬರುವ ಕೆಲಸಕ್ಕೇ ಅದು ಬೇಕು. ಯಾರೋ ನಿಮ್ಮ ಹೆಸರು ಹೇಳುತ್ತಾರೆ, "ಅವರ ಹತ್ತಿರ ಮಾತಾಡಿ, ಚೆನ್ನಾಗಿ ಮಾಡಿಕೊಡ್ತಾರೆ" ಅಂತ. ಕೇಳಿಸಿಕೊಂಡವರು ಫೋನ್ ಮಾಡುವ ಮೊದಲು ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕುತ್ತಾರೆ. ಸಾಮಾನ್ಯವಾಗಿ ಲಿಂಕ್ಡ್‌ಇನ್ ಪ್ರೊಫೈಲ್ ಮೇಲೇ ಸಿಗುತ್ತದೆ. ಅಲ್ಲಿ ಹಳೇ ಕಂಪನಿಯ ಹುದ್ದೆ, ಕಾಲೇಜು ಕಾಲದ ಫೋಟೋ, ಎಂದೋ ಹಾಕಿದ ದೀಪಾವಳಿ ಶುಭಾಶಯ ಇದ್ದರೆ ಶಿಫಾರಸಿನ ತೂಕ ಅಲ್ಲೇ ಇಳಿಯುತ್ತದೆ. ಅವರ ಕಷ್ಟಕ್ಕೆ ಹತ್ತಿರವಾದ ನಾಲ್ಕು ಬರಹ ಸಿಕ್ಕರೆ, ಫೋನ್ ಮಾಡುವ ಹೊತ್ತಿಗೆ ಅರ್ಧ ಮನಸ್ಸು ಮಾಡಿರುತ್ತಾರೆ.

ಇನ್ನೊಂದು ವಿಷಯ, ಶಿಫಾರಸು ಮಾಡುವವರಿಗೂ ನೀವು ನೆನಪಿರಬೇಕು ಅಲ್ವಾ? ಎರಡು ವರ್ಷ ಮಾತೇ ಆಡದ ಹಳೇ ಕ್ಲೈಂಟ್‌ಗೆ ನಿಮ್ಮ ಹೆಸರು ತಟ್ಟನೆ ಹೊಳೆಯುವುದಿಲ್ಲ. ವಾರಕ್ಕೊಮ್ಮೆ ನೀವು ಬರೆದದ್ದು ಕಣ್ಣಿಗೆ ಬಿದ್ದಿದ್ದರೆ ಹೊಳೆಯುತ್ತದೆ.

2003ರಲ್ಲಿ ಶುರುವಾದ ಲಿಂಕ್ಡ್‌ಇನ್ ಅನ್ನು ಈಗಲೂ ಕೆಲವರು ಕೆಲಸ ಹುಡುಕುವ ಸೈಟ್ ಅಂತಲೇ ನೋಡುತ್ತಾರೆ. ಭಾರತದಲ್ಲಿ ಅದರ ಸದಸ್ಯರ ಸಂಖ್ಯೆ 2023ರಲ್ಲೇ 10 ಕೋಟಿ ದಾಟಿತು, ಅಮೆರಿಕ ಬಿಟ್ಟರೆ ನಮ್ಮದೇ ದೊಡ್ಡ ಗುಂಪು. ನಿಮಗೆ ಕೆಲಸ ಕೊಡಬಲ್ಲವರಲ್ಲಿ ಬಹಳಷ್ಟು ಜನ ಅಲ್ಲಿದ್ದಾರೆ.

ಏಜೆನ್ಸಿಗೆ ಕಂಪನಿ ಪೇಜ್ ಇದೆಯಲ್ಲ. ನನ್ನ ಹೆಸರಿನಲ್ಲಿ ಯಾಕೆ ಬರೆಯಬೇಕು?

ಪೇಜ್ ಇರಲಿ. ವಿಳಾಸ, ವೆಬ್‌ಸೈಟ್, ಕೆಲಸ ಖಾಲಿ ಇದೆ ಅನ್ನುವ ಸುದ್ದಿ, ಇವಕ್ಕೆಲ್ಲ ಅದು ಬೇಕು. ಆದರೆ ಪೇಜ್‌ನಿಂದ ಯಾರಿಗೂ ಕನೆಕ್ಷನ್ ರಿಕ್ವೆಸ್ಟ್, ಅಂದರೆ ಪರಿಚಯ ಮಾಡಿಕೊಳ್ಳೋಣ ಅನ್ನುವ ಕೋರಿಕೆ, ಕಳಿಸಲು ಆಗುವುದಿಲ್ಲ. ಸಣ್ಣ ಏಜೆನ್ಸಿಯನ್ನು ಹಿಡಿಯುವವರು ಲೋಗೋ ನೋಡಿ ಹಿಡಿಯುವುದಿಲ್ಲ, "ನನ್ನ ದುಡ್ಡನ್ನು ಈ ಮನುಷ್ಯ ಜೋಪಾನವಾಗಿ ಖರ್ಚು ಮಾಡ್ತಾನಾ?" ಅಂತ ನೋಡುತ್ತಾರೆ. ಅದು ನೀವು ಯೋಚಿಸುವ ರೀತಿಯಿಂದ ಮಾತ್ರ ಗೊತ್ತಾಗುವ ವಿಷಯ.

ಇದು ಹೊಸದೇನಲ್ಲ. 1948ರಲ್ಲಿ ನ್ಯೂಯಾರ್ಕಿನಲ್ಲಿ ಏಜೆನ್ಸಿ ತೆರೆದ ಡೇವಿಡ್ ಓಗಿಲ್ವಿ, ಜಾಹೀರಾತಿನ ಬಗ್ಗೆ ತಮ್ಮ ತಂಡ ಕಲಿತದ್ದನ್ನೇ ಉದ್ದದ ಲೇಖನದ ಹಾಗೆ ಬರೆದು ಪತ್ರಿಕೆಗಳಲ್ಲಿ ದುಡ್ಡು ಕೊಟ್ಟು ಹಾಕಿಸಿದರು. ಓದಿದವರಿಗೆ ಉಪಯೋಗ, ಏಜೆನ್ಸಿಗೆ ಹೆಸರು. ಅವರು ಪೂರ್ತಿ ಪುಟಕ್ಕೆ ದುಡ್ಡು ಸುರಿಯಬೇಕಿತ್ತು. ನಿಮಗೆ ಆ ಜಾಗ ಪುಕ್ಕಟೆ ಸಿಕ್ಕಿದೆ.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಲು ಸಂಕೋಚ. ಏನು ಮಾಡಲಿ?

ನಮ್ಮಲ್ಲಿ ಬಹಳ ಜನರ ಕಷ್ಟ ಇದು. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಬಾರದು ಅಂತ ಹೇಳಿಸಿಕೊಂಡೇ ಬೆಳೆದವರು ನಾವು, ಆ ಬುದ್ಧಿ ಒಳ್ಳೆಯದೇ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಬಗ್ಗೆ ಬರೆಯಬೇಡಿ, ಕೆಲಸದ ಬಗ್ಗೆ ಬರೆಯಿರಿ. "ನಾನು ಹೀಗೆ ಗೆದ್ದೆ" ಅನ್ನುವ ಬದಲು "ಈ ತೊಂದರೆ ಹೀಗಿತ್ತು, ಕಾರಣ ಇದಾಗಿತ್ತು, ಹೀಗೆ ಸರಿಹೋಯಿತು" ಅಂತ ಹೇಳಿ. ಅದರಲ್ಲಿ ಹೊಗಳಿಕೆ ಎಲ್ಲಿದೆ? ನೋಡಿದವರೇ ನಿಮ್ಮ ಬೆಲೆ ಕಟ್ಟುತ್ತಾರೆ.

ಸಂಕೋಚದ ಜನ ಬರೆದದ್ದೇ ನನಗೆ ಹೆಚ್ಚು ಇಷ್ಟವಾಗುತ್ತದೆ, ಯಾಕೆಂದರೆ ಅವರು ಪದ ದುಂದು ಮಾಡುವುದಿಲ್ಲ.

ಪ್ರೊಫೈಲ್‌ನಲ್ಲಿ ಮೊದಲು ಏನು ಸರಿ ಮಾಡಬೇಕು?

ಹೆಸರಿನ ಕೆಳಗಿನ ಸಾಲು, ಅಂದರೆ ಹೆಡ್‌ಲೈನ್. ಅದಕ್ಕೆ 220 ಅಕ್ಷರ ಜಾಗ ಇದೆ. ನೀವು ಕಮೆಂಟ್ ಹಾಕಿದಾಗ, ರಿಕ್ವೆಸ್ಟ್ ಕಳಿಸಿದಾಗ, ಎಲ್ಲ ಕಡೆ ಹೆಸರಿನ ಜೊತೆ ಕಾಣುವುದು ಅದರ ಮೊದಲ ಕೆಲವು ಪದಗಳು ಮಾತ್ರ. ಅಲ್ಲಿ "ಫೌಂಡರ್, ಸಿಇಒ, ಕನಸುಗಾರ, ಕಥೆಗಾರ" ಅಂತಿದ್ದರೆ ಯಾರಿಗೂ ಏನೂ ತಿಳಿಯದು. "ಮಾಡ್ಯುಲರ್ ಕಿಚನ್, ಪೀಠೋಪಕರಣ ಮಾರುವವರಿಗೆ ಗೂಗಲ್ ಜಾಹೀರಾತಿನಿಂದ ಶೋರೂಮ್‌ಗೆ ಗಿರಾಕಿ ತರುತ್ತೇವೆ" ಅಂತಿದ್ದರೆ ಪೀಠೋಪಕರಣದ ಅಂಗಡಿಯವರು ನಿಂತು ಓದುತ್ತಾರೆ. ಬೇರೆಯವರು ಮುಂದೆ ಹೋಗುತ್ತಾರೆ, ಹೋಗಲಿ ಬಿಡಿ.

ಆಮೇಲೆ ಅಬೌಟ್, ಅಂದರೆ ನಿಮ್ಮ ಪರಿಚಯ ಬರೆಯುವ ಜಾಗ. ಅಲ್ಲಿ 2,600 ಅಕ್ಷರ ಹಿಡಿಯುತ್ತದೆ, ಎಲ್ಲ ತುಂಬಿಸಬೇಕಿಲ್ಲ. ಯಾರಿಗೆ ಕೆಲಸ ಮಾಡುತ್ತೀರಿ, ಯಾವ ಕೆಲಸ ಒಪ್ಪಿಕೊಳ್ಳುವುದಿಲ್ಲ, ಹೇಗೆ ಸಂಪರ್ಕಿಸಬೇಕು, ಇಷ್ಟು ಸಾಕು. ಯಾವ ಕೆಲಸ ಮಾಡುವುದಿಲ್ಲ ಅಂತ ಬರೆಯುವುದು ಬಹಳ ಒಳ್ಳೆಯದು, ನಂಬಿಕೆ ಹುಟ್ಟುವುದೇ ಅಲ್ಲಿ.

ಫೋಟೋದಲ್ಲಿ ಮುಖ ಚೆನ್ನಾಗಿ ಕಾಣಲಿ. ಹಿಂದಿನ ಬ್ಯಾನರ್ 1584 ಇಂಟು 396 ಪಿಕ್ಸೆಲ್, ಮೊಬೈಲ್‌ನಲ್ಲಿ ಅದರ ಎಡಭಾಗವನ್ನು ನಿಮ್ಮ ಫೋಟೋ ಮುಚ್ಚುತ್ತದೆ, ಹಾಗಾಗಿ ಬರಹ ಬಲಕ್ಕಿರಲಿ. ಭಾರತದಲ್ಲಿ ಡಿಜಿಲಾಕರ್‌ನ ಆಧಾರ್ ಮೂಲಕ ಗುರುತು ಖಚಿತಪಡಿಸಿಕೊಳ್ಳುವ ಅವಕಾಶ ಇದೆ, ಅದನ್ನೂ ಮಾಡಿಬಿಡಿ. ಹಳೇ ಕ್ಲೈಂಟ್‌ಗಳಿಂದ ಎರಡು ಮೂರು ರೆಕಮೆಂಡೇಶನ್ ಬರೆಸಿಕೊಳ್ಳಿ. "ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೀರಿ" ಅಂದರೆ ಅವರಿಗೂ ತೋಚುವುದಿಲ್ಲ. "ನಾವು ಬರುವ ಮುಂಚೆ ಏನಿತ್ತು, ಆಮೇಲೆ ಏನು ಬದಲಾಯಿತು, ಅಷ್ಟು ಬರೆಯಿರಿ ಸಾರ್" ಅಂದರೆ ಬರೆದುಕೊಡುತ್ತಾರೆ.

ಸರಿ, ಏನು ಬರೆಯಬೇಕು? ಖಾಲಿ ಪರದೆ ನೋಡಿದರೆ ಏನೂ ಹೊಳೆಯಲ್ಲ.

ನಿಮ್ಮ ಕ್ಲೈಂಟ್ ಜೊತೆ ಕರೆಯಲ್ಲಿ ಏನು ಹೇಳುತ್ತೀರೋ ಅದನ್ನೇ. ದಿನಾ ಅಷ್ಟೊಂದು ಮಾತಾಡುತ್ತೀರಿ, ಅದರಲ್ಲಿ ಹತ್ತು ಪೋಸ್ಟ್‌ಗಾಗುವಷ್ಟು ಸರಕು ಇರುತ್ತದೆ. ಕರೆ ಮುಗಿದ ಕೂಡಲೇ ಎರಡು ಸಾಲು ಗುರುತು ಹಾಕಿಕೊಳ್ಳಿ: ಅವರು ಏನು ಕೇಳಿದರು, ನಾನು ಏನು ಹೇಳಿದೆ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಮಾಡ್ಯುಲರ್ ಕಿಚನ್ ಮಾಡಿಕೊಡುವ ಒಬ್ಬ ಕ್ಲೈಂಟ್ ನಮಗಿದ್ದರು. "ಗೂಗಲ್ ಜಾಹೀರಾತಿಗೆ ದುಡ್ಡು ಹೋಗ್ತಿದೆ, ಬರುವ ಲೀಡ್ ಚೆನ್ನಾಗಿಲ್ಲ" ಅನ್ನುವುದು ಅವರ ದೂರು. ಲೀಡ್ ಅಂದರೆ ಕೊಳ್ಳುವ ಆಸಕ್ತಿಯಿಂದ ವಿಚಾರಿಸುವವರು. ಜಾಹೀರಾತಿನ ಪದ ಬದಲಿಸಿ, ಚಿತ್ರ ಬದಲಿಸಿ ಅಂತ ಒತ್ತಾಯ. ನಮ್ಮ ತಂಡದ ಹುಡುಗಿ ಕೂತು ಕರೆಗಳ ರಿಪೋರ್ಟ್ ತೆಗೆದು ಗಂಟೆವಾರು ಜೋಡಿಸಿದಳು. ಜಾಸ್ತಿ ಕರೆ ಬರುತ್ತಿದ್ದದ್ದು ರಾತ್ರಿ ಎಂಟರಿಂದ ಹತ್ತರೊಳಗೆ. ಶೋರೂಮ್ ಮುಚ್ಚುತ್ತಿದ್ದದ್ದು ಏಳೂವರೆಗೆ. ಮನೆ ಕಟ್ಟಿಸುವವರು ಆಫೀಸಿನಿಂದ ಬಂದು, ಊಟ ಮುಗಿಸಿ, ಗಂಡ ಹೆಂಡತಿ ಕೂತು ಅಡುಗೆಮನೆ ಬಗ್ಗೆ ಮಾತಾಡುವ ಹೊತ್ತಿಗೆ ಕರೆ ಮಾಡುತ್ತಿದ್ದರು, ಆ ಕಡೆ ಎತ್ತುವವರೇ ಇರಲಿಲ್ಲ. ಬೆಳಿಗ್ಗೆ ವಾಪಸ್ ಫೋನ್ ಮಾಡಿದಾಗ ಅವರು ಆಫೀಸಿನಲ್ಲಿ, "ಆಮೇಲೆ ಮಾಡಿ" ಅನ್ನುತ್ತಿದ್ದರು. ಜಾಹೀರಾತಿನಲ್ಲಿ ಏನೂ ತಪ್ಪಿರಲಿಲ್ಲ. ರಾತ್ರಿ ಹೊತ್ತು ಕಾಲ್ ಬಟನ್ ತೆಗೆದು ಒಂದು ಫಾರ್ಮ್ ಇಟ್ಟೆವು, "ಯಾವಾಗ ಫೋನ್ ಮಾಡಲಿ?" ಅನ್ನುವ ಒಂದು ಪ್ರಶ್ನೆ ಸೇರಿಸಿದೆವು. ಲೀಡ್ ಬಗ್ಗೆ ದೂರು ನಿಂತಿತು.

ಇದನ್ನು ಎರಡು ರೀತಿ ಬರೆಯಬಹುದು. ಮೊದಲನೆಯದು: "ಪ್ರಮುಖ ಕಿಚನ್ ಬ್ರ್ಯಾಂಡ್‌ಗೆ ಅದ್ಭುತ ಫಲಿತಾಂಶ ತಂದುಕೊಟ್ಟ ನಮ್ಮ ತಂಡದ ಬಗ್ಗೆ ಹೆಮ್ಮೆಯಿದೆ." ಗೆಳೆಯರು ಚಪ್ಪಾಳೆ ಹೊಡೆಯುತ್ತಾರೆ, ಅಲ್ಲಿಗೆ ಮುಗಿಯಿತು. ಎರಡನೆಯದು ಹೀಗೆ ಶುರುವಾಗುತ್ತದೆ: "ನಿಮ್ಮ ಶೋರೂಮ್ ಮುಚ್ಚಿದ ಮೇಲೆ ಎಷ್ಟು ಕರೆ ಬರುತ್ತವೆ ಅಂತ ನೋಡಿದ್ದೀರಾ?" ಶೋರೂಮ್ ಇಟ್ಟವರು ಯಾರೇ ಆಗಲಿ ಪೂರ್ತಿ ಓದುತ್ತಾರೆ, ಓದಿ ತಮ್ಮ ಕಾಲ್ ಲಿಸ್ಟ್ ತೆಗೆದು ನೋಡುತ್ತಾರೆ. ಹಾಗೆ ನೋಡಿದವರಲ್ಲಿ ಒಬ್ಬರಾದರೂ ನಿಮಗೆ ಮೆಸೇಜ್ ಮಾಡುತ್ತಾರೆ.

ಪೋಸ್ಟ್‌ಗೆ 3,000 ಅಕ್ಷರದ ಮಿತಿ ಇದೆ, ಆದರೆ ಮೊದಲು ಕಾಣುವುದು ಎರಡು ಮೂರು ಸಾಲು ಮಾತ್ರ, ಉಳಿದದ್ದು ಮಡಚಿಕೊಂಡಿರುತ್ತದೆ. ಆದ್ದರಿಂದ ಪೀಠಿಕೆ ಬೇಡ. ತೊಂದರೆಯಿಂದಲೇ ಶುರು ಮಾಡಿ.

ಹೀಗೆ ಎಲ್ಲ ಹೇಳಿಬಿಟ್ಟರೆ ಗುಟ್ಟು ಬಿಟ್ಟುಕೊಟ್ಟ ಹಾಗಲ್ವಾ? ಕ್ಲೈಂಟ್ ತಾನೇ ಮಾಡಿಕೊಳ್ಳಬಹುದು, ಬೇರೆ ಏಜೆನ್ಸಿಯವರು ಕದಿಯಬಹುದು.

ತಾನೇ ಮಾಡಿಕೊಳ್ಳಬಲ್ಲವನು ಹೇಗಿದ್ದರೂ ನಿಮಗೆ ದುಡ್ಡು ಕೊಡುತ್ತಿರಲಿಲ್ಲ. ದುಡ್ಡು ಕೊಡುವವರಿಗೆ ಸಮಯ ಇಲ್ಲ, ಅವರು ಅಂಗಡಿ ನೋಡಿಕೊಳ್ಳಬೇಕು. ಮೈಸೂರು ಪಾಕು ಮಾಡುವ ವಿಧಾನ ಎಲ್ಲರಿಗೂ ಗೊತ್ತು, ಆದರೂ ಜನ ಅಂಗಡಿ ಮುಂದೆ ಸಾಲು ನಿಲ್ಲುತ್ತಾರಲ್ಲ, ಹಾಗೆ. ಬೇರೆ ಏಜೆನ್ಸಿಯವರು ಓದಿ ಕಲಿತರೆ ಕಲಿಯಲಿ, ಒಳ್ಳೆಯದೇ ಆಯಿತು. ಹೇಳಬಾರದ್ದು ಒಂದೇ, ಕ್ಲೈಂಟ್‌ನ ಒಳಗಿನ ಲೆಕ್ಕ.

ಕ್ಲೈಂಟ್ ಹೆಸರು ಹಾಕಬಹುದಾ?

ಕೇಳಿ ಹಾಕಿ. ಒಪ್ಪಂದದಲ್ಲಿ ಗೌಪ್ಯತೆಯ ಷರತ್ತು ಇದೆಯೇ ಅಂತ ಮೊದಲು ನೋಡಿ. ಷರತ್ತು ಇಲ್ಲದಿದ್ದರೂ ಬರೆದದ್ದನ್ನು ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ "ಹಾಕಬಹುದಾ ಮೇಡಂ?" ಅಂತ ಒಪ್ಪಿಗೆ ಪಡೆಯಿರಿ, ಉತ್ತರ ಬರಹದಲ್ಲೇ ಇರಲಿ. ಬೇಡ ಅಂದರೆ ಹೆಸರು, ಊರು ತೆಗೆದು ಬರೆಯಿರಿ. ಮೇಲಿನ ಕಿಚನ್ ಉದಾಹರಣೆಯಲ್ಲಿ ಹೆಸರಿಲ್ಲ, ಹಾಗಂತ ಉಪಯೋಗ ಕಡಿಮೆಯಾಯಿತೇ?

ಕ್ಲೈಂಟ್‌ನ ಸರಕನ್ನು ಹೊಗಳಿ ಬರೆಯುವಾಗ ಅವರು ನಿಮ್ಮ ಕ್ಲೈಂಟ್ ಅನ್ನುವುದನ್ನು ಮುಚ್ಚಿಡಬೇಡಿ. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದೆ. ದುಡ್ಡು ಪಡೆದಿರಲಿ, ಪುಕ್ಕಟೆ ಸರಕು ಪಡೆದಿರಲಿ, ಸಂಬಂಧ ಇದ್ದರೆ ಓದುವವರಿಗೆ ಸ್ಪಷ್ಟವಾಗಿ ಹೇಳಬೇಕು ಅನ್ನುತ್ತದೆ ಅದು. ನಿಯಮ ಬಿಡಿ, ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಕ್ಲೈಂಟ್ ಒಬ್ಬರು ದುಡ್ಡು ಕೊಡದೆ ಸತಾಯಿಸುತ್ತಿದ್ದಾರೆ. ಹೆಸರು ಹಾಕಿ ಬರೆಯಲೇ?

ಬೇಡ. ಸಿಟ್ಟು ನ್ಯಾಯವಾದದ್ದೇ. ಆದರೆ ಓದುವ ಹೊಸ ಕ್ಲೈಂಟ್‌ಗೆ "ನಾಳೆ ನನ್ನ ಬಗ್ಗೆಯೂ ಹೀಗೇ ಬರೀತಾರೆ" ಅನ್ನುವ ಭಯ ಮಾತ್ರ ಉಳಿಯುತ್ತದೆ, ಮೇಲಿಂದ ಮಾನಹಾನಿಯ ತಂಟೆ. ನಿಮ್ಮ ಏಜೆನ್ಸಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ನೋಂದಣಿ) ಇದ್ದು, ಅದು ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ ದಾರಿ ಬೇರೆಯೇ ಇದೆ. 2006ರ ಎಂಎಸ್‌ಎಂಇ, ಅಂದರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಇಂಥ ಬಾಕಿಯ ಜಗಳ ನೋಡುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ನೋಂದಣಿ ಉಚಿತ, ಇನ್ನೂ ಮಾಡಿಸಿಲ್ಲದಿದ್ದರೆ ಇವತ್ತೇ ಮಾಡಿಸಿ. ಈ ಕಾನೂನಿನ ಬಗ್ಗೆ ಒಂದು ಪೋಸ್ಟ್ ಬರೆದರೂ ನಿಮ್ಮಂಥ ಹತ್ತು ಜನಕ್ಕೆ ಉಪಕಾರ.

ಕನ್ನಡದಲ್ಲಿ ಬರೆಯಲೇ, ಇಂಗ್ಲಿಷ್‌ನಲ್ಲೇ?

ನಿಮಗೆ ಕೆಲಸ ಕೊಡುವವರು ಯಾವ ಭಾಷೆಯಲ್ಲಿ ಯೋಚಿಸುತ್ತಾರೋ ಆ ಭಾಷೆಯಲ್ಲಿ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಗಳಿಗೆ ಕೆಲಸ ಮಾಡುವವರು ಇಂಗ್ಲಿಷ್‌ನಲ್ಲೇ ಬರೆಯಬೇಕಾಗುತ್ತದೆ. ಆದರೆ ಪೀಣ್ಯದಲ್ಲಿ ಸಣ್ಣ ಫ್ಯಾಕ್ಟರಿ ಇರುವವರು, ಬೆಳಗಾವಿಯಲ್ಲಿ ಫೌಂಡ್ರಿ ನಡೆಸುವವರು, ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರ ಮಾಡುವವರು? ಎಷ್ಟೋ ಕಡೆ ಈಗ ಮಗನೋ ಮಗಳೋ ಮಾರ್ಕೆಟಿಂಗ್ ನೋಡಿಕೊಳ್ಳುತ್ತಾರೆ, ಅವರು ಲಿಂಕ್ಡ್‌ಇನ್‌ನಲ್ಲಿ ಇರುತ್ತಾರೆ, ಓದಿದ್ದನ್ನು ಅಪ್ಪನಿಗೆ ತೋರಿಸುತ್ತಾರೆ. ದುಡ್ಡಿನ ಮಾತು ಕೊನೆಗೆ ಅಪ್ಪನ ಹತ್ತಿರವೇ ಹೋಗಬೇಕು. ಕನ್ನಡದಲ್ಲಿದ್ದರೆ ಆ ಪೋಸ್ಟ್ ಹಾಗೇ ಮನೆಯ ವಾಟ್ಸಾಪ್ ಗುಂಪಿಗೆ ಹೋಗುತ್ತದೆ.

ಇಂಗ್ಲಿಷ್‌ನಲ್ಲಿ ಗೂಗಲ್ ಜಾಹೀರಾತಿನ ಬಗ್ಗೆ ಬರೆಯುವವರು ಸಾವಿರಾರು ಜನ ಇದ್ದಾರೆ. ಕನ್ನಡದಲ್ಲಿ, ಅದೂ ನಮ್ಮ ಊರಿನ ವ್ಯಾಪಾರದ ಉದಾಹರಣೆ ಕೊಟ್ಟು ಬರೆಯುವವರು ಬೆರಳೆಣಿಕೆ. ಜಾಗ ಖಾಲಿ ಇದೆ. ಕನ್ನಡದಲ್ಲಿ ವ್ಯಾಪಾರದ ಗಂಭೀರ ಮಾತು ನಡೆಯಬೇಕು ಅನ್ನುವುದು ನನ್ನ ಆಸೆಯೂ ಹೌದು. ಪಠ್ಯಪುಸ್ತಕದ ಕನ್ನಡ ಬೇಡ. ಕ್ಲಿಕ್, ಬಜೆಟ್, ಲೀಡ್ ಅಂತ ಜನ ಹೇಗೆ ಹೇಳುತ್ತಾರೋ ಹಾಗೇ ಬರೆಯಿರಿ.

ವಾರಕ್ಕೆ ಎಷ್ಟು ಪೋಸ್ಟ್? ಯಾವ ಹೊತ್ತಿಗೆ?

ಒಂದು ಅಥವಾ ಎರಡು. ಒಂದು ತಿಂಗಳು ದಿನಾ ಬರೆದು ಆಮೇಲೆ ಮಾಯವಾಗುವುದಕ್ಕಿಂತ ವರ್ಷವಿಡೀ ವಾರಕ್ಕೊಂದು ಬರೆಯುವುದು ಮೇಲು. ಹೊತ್ತಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾಕಿದ ಮೇಲೆ ಒಂದು ಗಂಟೆ ನೀವು ಬಿಡುವಾಗಿರಬೇಕು, ಕಮೆಂಟ್‌ಗೆ ಉತ್ತರ ಕೊಡಬೇಕು, ಅಷ್ಟು ನೋಡಿಕೊಳ್ಳಿ.

ಬರೆಯಲು ಸಮಯ ಇಲ್ಲ. ಬೇರೆಯವರಿಂದ ಅಥವಾ ಎಐನಿಂದ ಬರೆಸಬಹುದಾ?

ವಿಷಯ ನಿಮ್ಮದಾಗಿದ್ದರೆ ಬರೆಯುವ ಕೈ ಬೇರೆಯವರದ್ದಾಗಬಹುದು. ಕಾರಿನಲ್ಲಿ ಸಿಗ್ನಲ್‌ಗೆ ಸಿಕ್ಕಿಹಾಕಿಕೊಂಡಾಗ ಎರಡು ನಿಮಿಷದ ವಾಯ್ಸ್ ನೋಟ್ ಮಾಡಿ ಆಫೀಸಿನಲ್ಲಿ ಬರೆಯಬಲ್ಲವರಿಗೆ ಕಳಿಸಿ. ಬೆಂಗಳೂರಿನಲ್ಲಿ ಅದಕ್ಕೆ ಅವಕಾಶ ಬೇಕಾದಷ್ಟಿದೆ. ಅವರು ಅಚ್ಚುಕಟ್ಟು ಮಾಡಲಿ, ಕೊನೆಗೆ ನೀವು ಜೋರಾಗಿ ಓದಿ ನೋಡಿ. ನಿಮ್ಮ ಬಾಯಲ್ಲಿ ಬರದ ಪದ ಇದ್ದರೆ ಕಿತ್ತುಹಾಕಿ.

ಎಐ ಕೂಡ ಅಷ್ಟೇ. ವಾಯ್ಸ್ ನೋಟ್ ಕೊಟ್ಟು ಜೋಡಿಸಿಕೊಡು ಅಂದರೆ ಉಪಯೋಗಕ್ಕೆ ಬರುತ್ತದೆ. "ಮಾರ್ಕೆಟಿಂಗ್ ಬಗ್ಗೆ ಒಂದು ಪೋಸ್ಟ್ ಬರೆದುಕೊಡು" ಅಂದರೆ ಎಲ್ಲರ ಗೋಡೆಯಲ್ಲೂ ಇರುವಂಥದ್ದೇ ಬರುತ್ತದೆ. ರಾತ್ರಿ ಎಂಟರ ಕರೆಗಳ ವಿಷಯ ಅದಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು.

ಯಾರಿಗೆ ಕನೆಕ್ಷನ್ ರಿಕ್ವೆಸ್ಟ್ ಕಳಿಸಬೇಕು?

30,000 ಕನೆಕ್ಷನ್ ತನಕ ಮಿತಿ ಇದೆ, ಸಣ್ಣ ಏಜೆನ್ಸಿಗೆ ಅಷ್ಟು ಬೇಕಾಗುವುದೇ ಇಲ್ಲ. ಈಗಿನ ಕ್ಲೈಂಟ್‌ಗಳು, ಹಳೇ ಕ್ಲೈಂಟ್‌ಗಳು, ಪ್ರಿಂಟರ್, ಫೋಟೋಗ್ರಾಫರ್, ಲೆಕ್ಕಪತ್ರ ನೋಡುವ ಸಿಎ, ಇವರಿಂದ ಶುರು ಮಾಡಿ. ಸಿಎ ಅನ್ನು ಬಹಳ ಜನ ಮರೆಯುತ್ತಾರೆ, ಅವರ ಹತ್ತಿರ ನೂರು ವ್ಯಾಪಾರಿಗಳು ಬಂದು ಕೂರುತ್ತಾರೆ.

ಹೊಸಬರ ಪೋಸ್ಟ್‌ಗೆ ಮೊದಲು ಎರಡು ಮೂರು ಸಲ ಅರ್ಥಪೂರ್ಣ ಕಮೆಂಟ್ ಹಾಕಿ, ಆಮೇಲೆ ರಿಕ್ವೆಸ್ಟ್ ಕಳಿಸಿ. ಅವರು ಒಪ್ಪಿದ ಮರುಕ್ಷಣ ನಿಮ್ಮ ಸರ್ವೀಸ್‌ಗಳ ಪಟ್ಟಿ ಕಳಿಸಬೇಡಿ ದಯವಿಟ್ಟು. ಮನೆಗೆ ಬಾ ಅಂದವರ ಹತ್ತಿರ ಯಾರೂ ಬಾಗಿಲಲ್ಲೇ ರಸೀದಿ ಪುಸ್ತಕ ತೆಗೆಯುವುದಿಲ್ಲ.

ಲೈಕ್ ಬರುತ್ತಿಲ್ಲ. ಎಂಗೇಜ್‌ಮೆಂಟ್ ಗುಂಪು ಸೇರಲೇ, ಆಟೊಮೇಶನ್ ಟೂಲ್ ಹಾಕಲೇ?

ಎರಡೂ ಬೇಡ. ತಾನಾಗಿ ರಿಕ್ವೆಸ್ಟ್ ಕಳಿಸುವ, ಮೆಸೇಜ್ ಮಾಡುವ, ಲೈಕ್ ಒತ್ತುವ ಟೂಲ್‌ಗಳನ್ನು ಲಿಂಕ್ಡ್‌ಇನ್ ಒಪ್ಪಂದವೇ ನಿಷೇಧಿಸುತ್ತದೆ. ಸಿಕ್ಕಿಬಿದ್ದರೆ ಖಾತೆಗೆ ಬೀಗ ಬೀಳಬಹುದು, ವರ್ಷಗಟ್ಟಲೆ ಕಟ್ಟಿದ್ದು ಹೋಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಲೈಕ್ ಕೊಡುವುದರಿಂದ ಬೇರೆ ಏಜೆನ್ಸಿಯವರು ಮಾತ್ರ ಓದುತ್ತಾರೆ.

ದುಡ್ಡು ಕೊಡುವ ಕ್ಲೈಂಟ್ ಬಹುಪಾಲು ಲೈಕ್ ಒತ್ತುವುದಿಲ್ಲ, ಸುಮ್ನೆ ಓದುತ್ತಾನೆ. ತಾನು ಏಜೆನ್ಸಿ ಹುಡುಕುತ್ತಿರುವುದು ಈಗಿನ ಏಜೆನ್ಸಿಗೆ ಗೊತ್ತಾಗಬಾರದಲ್ಲ. ಹಾಗಾಗಿ ನಿಜವಾದ ಅಳತೆ ಬೇರೆ ಕಡೆ ಇದೆ. ಹೊಸದಾಗಿ ಫೋನ್ ಮಾಡಿದ ಪ್ರತಿಯೊಬ್ಬರಿಗೂ "ನಮ್ಮ ಬಗ್ಗೆ ಎಲ್ಲಿ ತಿಳಿಯಿತು, ಏನು ಓದಿದಿರಿ?" ಅಂತ ಕೇಳಿ ಒಂದು ಶೀಟ್‌ನಲ್ಲಿ ಬರೆದಿಡಿ. ಆರು ತಿಂಗಳಾದ ಮೇಲೆ ಆ ಶೀಟ್ ನೋಡಿದರೆ ಯಾವ ವಿಷಯದ ಮೇಲೆ ಇನ್ನೂ ಬರೆಯಬೇಕು ಅಂತ ತಾನಾಗೇ ತಿಳಿಯುತ್ತದೆ.

ನನ್ನ ಹೆಸರೇ ದೊಡ್ಡದಾದರೆ ಏಜೆನ್ಸಿಗೆ ತೊಂದರೆ ಅಲ್ವಾ? ಎಲ್ಲರೂ ನನ್ನನ್ನೇ ಕೇಳುತ್ತಾರೆ.

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದ್ದೇ ಇದು. ನಿಮ್ಮ ಬರಹ ಓದಿ ಬಂದ ಕ್ಲೈಂಟ್‌ಗೆ ಪ್ರತಿ ಮೀಟಿಂಗ್‌ನಲ್ಲೂ ನೀವೇ ಬೇಕು ಅನ್ನಿಸುತ್ತದೆ. ತಂಡದ ಹುಡುಗರು ಹೇಳಿದ ಅದೇ ಮಾತನ್ನು ನಿಮ್ಮ ಬಾಯಿಂದ ಕೇಳುವ ತನಕ ಒಪ್ಪುವುದಿಲ್ಲ. ಹೀಗಾದರೆ ಏಜೆನ್ಸಿ ಬೆಳೆಯುವುದಿಲ್ಲ, ಮುಂದೆ ಯಾರಿಗಾದರೂ ಮಾರುತ್ತೇನೆ ಅಂದರೂ ಕೊಳ್ಳುವವರು "ನೀವು ಹೋದ ಮೇಲೆ ಇಲ್ಲಿ ಏನಿರುತ್ತೆ?" ಅನ್ನುತ್ತಾರೆ. ಒಳ್ಳೆಯ ಹುಡುಗರು ಕೂಡ ನಿಲ್ಲುವುದಿಲ್ಲ, ತಾವು ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು ಬರುವುದನ್ನು ಎಷ್ಟು ದಿನ ನೋಡುತ್ತಾರೆ?

ಅದಕ್ಕೆ ಮೊದಲ ದಿನದಿಂದಲೇ ಅವರ ಹೆಸರು ಹಾಕಿ. ಕರೆಗಳ ರಿಪೋರ್ಟ್ ಗಂಟೆವಾರು ಜೋಡಿಸಿದ್ದು ನಮ್ಮ ಹುಡುಗಿ. ಲಿಂಕ್ಡ್‌ಇನ್‌ನಲ್ಲಿ ಆ ಪೋಸ್ಟ್ ಹಾಕುವಾಗ ಅವಳನ್ನು ಕೇಳಿ, ಅವಳ ಹೆಸರು ಟ್ಯಾಗ್ ಮಾಡಿ, "ಇದನ್ನು ಕಂಡುಹಿಡಿದದ್ದು ಇವರು" ಅಂತಲೇ ಬರೆಯಬೇಕು. ಮುಂದೆ ಅಂಥದೇ ಕೆಲಸ ಕೇಳಿಕೊಂಡು ಬಂದವರು ಅವಳನ್ನೇ ಕೇಳುತ್ತಾರೆ. ಬರೆಯುವ ಆಸಕ್ತಿ ಇದ್ದವರಿಗೆ ಆಫೀಸಿನ ಸಮಯದಲ್ಲೇ ಬರೆಯಲು ಬಿಡಿ. "ಹೆಸರು ಬಂದರೆ ಬೇರೆ ಕಂಪನಿಯವರು ಎಳೆದುಕೊಂಡು ಹೋಗ್ತಾರೆ" ಅನ್ನುವ ಭಯ ಎಲ್ಲರಿಗೂ ಇದೆ. ಹೋಗುವವರು ಹೆಸರಿಲ್ಲದಿದ್ದರೂ ಹೋಗುತ್ತಾರೆ. ಇರುವಷ್ಟು ದಿನ ಅವರ ಹೆಸರು ನಿಮ್ಮ ಏಜೆನ್ಸಿಗೂ ಗೌರವ ತರುತ್ತದೆ.

ಮೆಸೇಜ್‌ನಲ್ಲಿ "ಚಾರ್ಜ್ ಎಷ್ಟು?" ಅಂತ ಕೇಳುತ್ತಾರೆ. ಏನು ಉತ್ತರ ಕೊಡಲಿ?

"ಕಾಲ್ ಮಾಡಿ ಮಾತಾಡೋಣ" ಅಂತ ಮಾತ್ರ ಹೇಳಿ ಜಾರಿಕೊಳ್ಳಬೇಡಿ, ಕೇಳಿದ್ದಕ್ಕೆ ಉತ್ತರ ಕೊಡಿ. ಹೀಗೆ ಬರೆಯಬಹುದು: "ನಮಸ್ಕಾರ ಸಾರ್. ನಿಮ್ಮಂಥ ಶೋರೂಮ್‌ಗಳಿಗೆ ನಾವು ತಿಂಗಳಿಗೆ ಇಷ್ಟರಿಂದ ಇಷ್ಟರವರೆಗೆ ತಗೊಳ್ತೇವೆ, ಜಿಎಸ್‌ಟಿ ಬೇರೆ, ಗೂಗಲ್‌ಗೆ ಕಟ್ಟುವ ದುಡ್ಡು ಬೇರೆ. ಸರಿಯಾಗಿ ಹೇಳಬೇಕಾದರೆ ಎರಡು ವಿಷಯ ಬೇಕು: ಈಗ ತಿಂಗಳಿಗೆ ಎಷ್ಟು ವಿಚಾರಣೆ ಬರ್ತಿವೆ, ಅದರಲ್ಲಿ ಎಷ್ಟು ಜನ ಆರ್ಡರ್ ಕೊಡ್ತಾರೆ?" ದರ ಕೇಳಿ ಹೌಹಾರುವವರು ಇಲ್ಲೇ ನಿಲ್ಲುತ್ತಾರೆ, ಇಬ್ಬರ ಸಮಯವೂ ಉಳಿಯುತ್ತದೆ. ಉಳಿದವರು ಆ ಎರಡು ಲೆಕ್ಕ ಹುಡುಕಿ ಕಳಿಸುತ್ತಾರೆ. ಲೆಕ್ಕ ಕಳಿಸಿದವರಿಗೆ ಅವತ್ತೇ ಫೋನ್ ಮಾಡಿ, ಮಾರನೇ ದಿನಕ್ಕೆ ಇಡಬೇಡಿ.